ಕೊಂಕಣ ಸುತ್ತಿ ಮೈಲಾರಕ್ಕೆ ಬರುವ ಯಂತ್ರಗಳು

ಪ್ರಶ್ನೆ: ನನ್ನ ಮಗಳು ಏಳನೇ ತರಗತಿ. ಗೋಲಿ ಉರುಳಿ ಪುಸ್ತಕವನ್ನು ಕೆಡವಿ, ಪುಸ್ತಕ ನೂಲನ್ನು ಎಳೆದು, ನೂಲು ಇನ್ನೇನನ್ನೋ ಬೀಳಿಸಿ, ಹೀಗೆ ಮೂವತ್ತು ನಲವತ್ತು ಹಂತ ದಾಟಿ ಕೊನೆಗೊಂದು ಲೈಟು ಹೊತ್ತಿಸುವ ಯಂತ್ರಗಳ ವಿಡಿಯೊಗಳನ್ನು ದಿನವೂ ನೋಡುತ್ತಾಳೆ. ಸ್ವಿಚ್ ಒತ್ತಿದರೆ ಮುಗಿಯುವ ಕೆಲಸಕ್ಕೆ ಇಷ್ಟೊಂದು ಯಾಕೆ ಎಂದು ಗದರಲು ಹೋದವಳು ನಾನೇ ಹತ್ತು ನಿಮಿಷ ನೋಡುತ್ತ ನಿಂತುಬಿಟ್ಟೆ. ಈಗ ರಜೆಯಲ್ಲಿ ತಾನೂ ಒಂದು ಮಾಡುತ್ತೇನೆಂದು ಹಟ ಹಿಡಿದಿದ್ದಾಳೆ. ಇದರಲ್ಲಿ ಅಂಥ ಆಕರ್ಷಣೆ ಏನಿದೆ? ಕಲಿಯುವಂಥದ್ದೇನಾದರೂ ಇದೆಯೇ?

ಉತ್ತರ: ಗದರಲು ಹೋದವರನ್ನೇ ಹಿಡಿದು ನಿಲ್ಲಿಸಿತು ಎಂದು ಬರೆದಿದ್ದೀರಿ. ನನಗೂ ಹಾಗೇ ಆಗುತ್ತದೆ. ಹೈಸ್ಕೂಲಿನಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದಾಗ ಮಕ್ಕಳ ಜೊತೆ ಕೂತು ಇಂಥ ಯಂತ್ರಗಳನ್ನು ಕಟ್ಟಿದ್ದೇನೆ. ಪ್ರತಿ ಹಂತವೂ ಬಾಯಿಪಾಠ ಆಗಿದ್ದರೂ ಓಡಿಸುವಾಗ ಪ್ರತಿ ಸಲ ಉಸಿರು ಬಿಗಿಹಿಡಿದಿದ್ದೇನೆ. ಕೊನೆಗೆ ಏನಾಗುತ್ತದೆ ಎಂದು ಗೊತ್ತಿದ್ದೂ ನೋಡಬೇಕೆನಿಸುತ್ತದೆ ಎಂದಮೇಲೆ ನಮ್ಮ ಕಣ್ಣು ಇರುವುದು ಆ ಕೊನೆಯ ಮೇಲಲ್ಲ. ಒಂದು ವಸ್ತು ತನ್ನ ಕೆಲಸ ಮುಗಿಸಿ ಇನ್ನೊಂದಕ್ಕೆ ಒಪ್ಪಿಸುತ್ತದಲ್ಲ, ಆ ಒಪ್ಪಿಸುವ ಗಳಿಗೆಯ ಮೇಲೆ. ಅಲ್ಲಿ ಏನೇನಿದೆ ಎಂದು ಬಿಡಿಸಿ ಹೇಳಲು ಪ್ರಯತ್ನಿಸುತ್ತೇನೆ.

ಮೊದಲು ಇವುಗಳ ಹುಟ್ಟಿನ ಬಗ್ಗೆ ಸ್ವಲ್ಪ. ಇಂಗ್ಲಿಷಿನಲ್ಲಿ ಇವನ್ನು ರೂಬ್ ಗೋಲ್ಡ್‌ಬರ್ಗ್ ಯಂತ್ರ ಎನ್ನುತ್ತಾರೆ. ರೂಬ್ ಗೋಲ್ಡ್‌ಬರ್ಗ್ 1883ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ವ್ಯಂಗ್ಯಚಿತ್ರಕಾರರು. ಓದಿದ್ದು ಬರ್ಕ್ಲಿಯಲ್ಲಿ ಎಂಜಿನಿಯರಿಂಗ್. 1904ರಲ್ಲಿ ಪದವಿ ಪಡೆದು ತಮ್ಮ ಊರಿನ ನೀರು ಮತ್ತು ಒಳಚರಂಡಿ ಇಲಾಖೆಯಲ್ಲಿ ಕೆಲವೇ ತಿಂಗಳು ಕೆಲಸ ಮಾಡಿ, ಅದನ್ನು ಬಿಟ್ಟು ಪತ್ರಿಕೆ ಸೇರಿದರು. ಕಾಲೇಜಿನಲ್ಲಿ ಪ್ರಾಧ್ಯಾಪಕರೊಬ್ಬರು ಭೂಮಿಯ ತೂಕ ಕಂಡುಹಿಡಿಯಲೆಂದು ಕೊಳವೆ, ತಂತಿ, ಬುಡ್ಡಿಗಳನ್ನು ಜೋಡಿಸಿದ್ದ ದೊಡ್ಡ ಸಲಕರಣೆಯೊಂದನ್ನು ತೋರಿಸಿದ್ದರಂತೆ. ತಮ್ಮ ಚಿತ್ರಗಳಿಗೆ ಅದೇ ಬೀಜವಾಯಿತೆಂದು ಗೋಲ್ಡ್‌ಬರ್ಗ್ ಮುಂದೆ ನೆನೆಸಿಕೊಂಡಿದ್ದಾರೆ. ಅವರು ಸೃಷ್ಟಿಸಿದ ಪಾತ್ರ ಪ್ರೊಫೆಸರ್ ಲೂಸಿಫರ್ ಗೊರ್ಗೊನ್‌ಜೋಲಾ ಬಟ್ಸ್. ಈ ಪ್ರೊಫೆಸರರ ಆವಿಷ್ಕಾರಗಳ ಪೈಕಿ ಹೆಚ್ಚು ಹೆಸರಾದದ್ದು 1931ರಲ್ಲಿ ಅಚ್ಚಾದ, ತಾನಾಗಿಯೇ ಬಾಯಿ ಒರೆಸುವ ಕರವಸ್ತ್ರ.

ಅದು ನಡೆಯುವುದು ಹೀಗೆ. ಊಟಕ್ಕೆ ಕೂತವನು ಸೂಪಿನ ಚಮಚವನ್ನು ಬಾಯಿಗೆ ಎತ್ತಿದಾಗ ಚಮಚಕ್ಕೆ ಕಟ್ಟಿದ ದಾರ ಒಂದು ಸೌಟನ್ನು ಜಗ್ಗುತ್ತದೆ. ಸೌಟು ಬಿಸ್ಕತ್ತೊಂದನ್ನು ಗಿಳಿಯ ಮುಂದೆ ಹಾರಿಸುತ್ತದೆ. ಗಿಳಿ ಅದರ ಹಿಂದೆ ನೆಗೆಯುತ್ತದೆ, ಅದು ಕೂತಿದ್ದ ಅಡ್ಡಕೋಲು ವಾಲುತ್ತದೆ, ಕೋಲಿನ ಮೇಲಿದ್ದ ಕಾಳು ಬಕೆಟ್ಟಿಗೆ ಸುರಿಯುತ್ತದೆ. ಬಕೆಟ್ಟಿನ ಭಾರಕ್ಕೆ ಹಗ್ಗ ಎಳೆದು ಲೈಟರ್ ಹೊತ್ತಿಕೊಳ್ಳುತ್ತದೆ. ಅದರಿಂದ ರಾಕೆಟ್ ಪಟಾಕಿ ಹಾರುತ್ತದೆ, ರಾಕೆಟ್ಟಿಗೆ ಕಟ್ಟಿದ ಕುಡುಗೋಲು ದಾರವನ್ನು ಕತ್ತರಿಸುತ್ತದೆ, ಕರವಸ್ತ್ರ ಕಟ್ಟಿದ ಲೋಲಕ ಅತ್ತಿತ್ತ ತೂಗಿ ಗದ್ದ ಒರೆಸುತ್ತದೆ. ಅದೇ 1931ರಲ್ಲಿ ಅವರ ಹೆಸರು ವಿಶೇಷಣವಾಗಿ ಅಮೆರಿಕದ ನಿಘಂಟನ್ನು ಸೇರಿತು. ಬ್ರಿಟನ್ನಿನಲ್ಲಿ ಇದೇ ಅರ್ಥಕ್ಕೆ ಹೀತ್ ರಾಬಿನ್ಸನ್ ಎಂಬ ಚಿತ್ರಕಾರರ ಹೆಸರು ಬಳಕೆಯಲ್ಲಿದೆ, ಡೆನ್ಮಾರ್ಕಿನಲ್ಲಿ ಸ್ಟಾರ್ಮ್ ಪಿ. ಎಂಬವರ ಹೆಸರು. ಮೂವರೂ ಹೆಚ್ಚುಕಡಿಮೆ ಒಂದೇ ತಲೆಮಾರಿನವರು, ಕಾರ್ಖಾನೆ ಯಂತ್ರಗಳು ಮನೆಯೊಳಗೆ ಕಾಲಿಡುತ್ತಿದ್ದ ಕಾಲದವರು. ನಮಗೆ ಇಂಥ ಚಿತ್ರಕಾರರ ಹೆಸರೇ ಬೇಕಿಲ್ಲ. ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಎಂಬ ಗಾದೆಯೇ ಸಾಕು.

ಕರವಸ್ತ್ರದ ಯಂತ್ರವನ್ನು ಇನ್ನೊಮ್ಮೆ ಓದಿ ನೋಡಿ. ನಿಮ್ಮ ಮಗಳಿಗೆ ಅರ್ಥವಾಗದ ಹೆಜ್ಜೆ ಅದರಲ್ಲಿ ಒಂದೂ ಇಲ್ಲ. ದಾರ ಎಳೆಯುತ್ತದೆ, ಭಾರ ಇಳಿಯುತ್ತದೆ, ಬೆಂಕಿ ಹೊತ್ತುತ್ತದೆ. ಆದ್ದರಿಂದ ಇವನ್ನು ಜಟಿಲ ಯಂತ್ರ ಎಂದು ಕರೆಯುವುದು ನನಗೆ ಸರಿಯೆನಿಸುವುದಿಲ್ಲ. ಇವು ಉದ್ದವಾದ ಯಂತ್ರಗಳು, ಅಷ್ಟೇ. ಜಟಿಲವಾದದ್ದು ನಿಮ್ಮ ಕೈಯಲ್ಲಿರುವ ಮೊಬೈಲ್. ಅದರ ಗಾಜಿನ ಮೇಲೆ ಬೆರಳಿಟ್ಟರೆ ಮಗಳ ಫೋಟೊ ಬರುತ್ತದೆ. ನಡುವೆ ಏನಾಯಿತು ಎಂಬುದು ಕಾಣುವುದಿಲ್ಲ, ಕಾಣಿಸುವ ಉದ್ದೇಶವೂ ಅದಕ್ಕಿಲ್ಲ.

ಮೊಬೈಲ್ ಬಿಡಿ, ಬ್ಯಾಗಿನ ಜಿಪ್ಪು ಹೇಗೆ ಕೂಡಿಕೊಳ್ಳುತ್ತದೆ? ಯೇಲ್ ವಿಶ್ವವಿದ್ಯಾಲಯದ ರೋಜನ್‌ಬ್ಲಿಟ್ ಮತ್ತು ಕೈಲ್ ಎಂಬ ಮನಶ್ಶಾಸ್ತ್ರಜ್ಞರು ಇಂಥವನ್ನೇ ಜನರಿಗೆ ಕೇಳಿದ್ದರು. ಜಿಪ್ಪು, ಬೀಗ, ಕಕ್ಕಸಿನ ಫ್ಲಶ್, ಇವು ಕೆಲಸ ಮಾಡುವ ಬಗೆ ನಿಮಗೆ ಎಷ್ಟು ಗೊತ್ತು ಎಂದು ಅಂಕ ಹಾಕಿಸಿದರು. ಜನ ಧಾರಾಳವಾಗಿ ಹಾಕಿಕೊಂಡರು. ಆಮೇಲೆ, ಹಾಗಾದರೆ ಹಂತಹಂತವಾಗಿ ಬರೆಯಿರಿ ಎಂದರು. ಬರೆಯಲು ಕೂತಮೇಲೆ ಅದೇ ಜನ ತಮ್ಮ ಅಂಕವನ್ನು ತಾವೇ ಇಳಿಸಿಕೊಂಡರು. 2002ರಲ್ಲಿ ಪ್ರಕಟವಾದ ಆ ಅಧ್ಯಯನವನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಮಾಡಿಸಿ ನೋಡಿದ್ದೇನೆ. ಸೈಕಲ್ಲಿನ ಬೆಲ್ಲಿನ ಚಿತ್ರ ಬಿಡಿಸು ಎಂದರೆ ಸಾಕು. ದಿನವೂ ಬಾರಿಸುವ ಬೆಲ್ಲಿನ ಮುಚ್ಚಳದ ಒಳಗೇನಿದೆ ಎಂದು ಚಿತ್ರ ಬಿಡಿಸಿದ ಮಕ್ಕಳು ಪ್ರತಿ ವರ್ಷ ಒಬ್ಬಿಬ್ಬರಷ್ಟೇ. ಅವರು ಬೆಲ್ಲನ್ನು ಬಿಚ್ಚಿ ನೋಡಿದ್ದವರು.

ಯಂತ್ರದ ಒಳಗನ್ನು ಮುಚ್ಚುವುದು ಹಳೆಯ ಪದ್ಧತಿ. ಧಾರಾನಗರದ ಭೋಜರಾಜನ ಹೆಸರಿನಲ್ಲಿರುವ 11ನೇ ಶತಮಾನದ ಸಮರಾಂಗಣ ಸೂತ್ರಧಾರದಲ್ಲಿ 31ನೇ ಅಧ್ಯಾಯ ಯಂತ್ರಗಳಿಗೇ ಮೀಸಲು. ತಾನಾಗಿ ಆಡುವ ಗೊಂಬೆಗಳು, ನೀರಿನ ಯಂತ್ರಗಳು, ಹಾರುವ ಮರದ ಹಕ್ಕಿ ಎಲ್ಲ ಅಲ್ಲಿ ಬರುತ್ತವೆ. ಅವನ್ನು ಜೋಡಿಸುವ ಬಗೆಯನ್ನು ಮಾತ್ರ ಪೂರ್ತಿ ಹೇಳಿಲ್ಲ. ಗೊತ್ತಿಲ್ಲದೆ ಬಿಟ್ಟದ್ದಲ್ಲ, ಗುಟ್ಟಾಗಿರಲೆಂದು ಬಿಟ್ಟದ್ದು ಎಂದು ಗ್ರಂಥವೇ ಸ್ಪಷ್ಟವಾಗಿ ಹೇಳುತ್ತದೆ. ರಾಜಸಭೆಯಲ್ಲಿ ಬೆರಗು ಹುಟ್ಟಬೇಕಾದರೆ ಕಾರಣ ಕಾಣಬಾರದು ಎಂಬುದು ಅಲ್ಲಿನ ಲೆಕ್ಕ. ನಿಮ್ಮ ಮಗಳು ನೋಡುತ್ತಿರುವ ಯಂತ್ರದ ಲೆಕ್ಕ ಇದಕ್ಕೆ ಪೂರಾ ತಿರುಗುಮುರುಗು. ಅಲ್ಲಿ ಕಾರಣಗಳೆಲ್ಲ ಮೇಜಿನ ಮೇಲೆ ಸಾಲಾಗಿ ಕೂತಿರುತ್ತವೆ, ಆದರೂ ಬೆರಗಾಗುತ್ತದೆ. ಇಷ್ಟು ಬಿಚ್ಚಿಟ್ಟಮೇಲೂ ಉಳಿಯುವ ಬೆರಗು ನನಗೆ ಮುಚ್ಚಿಟ್ಟು ಹುಟ್ಟಿಸಿದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಸುತ್ತುದಾರಿ ಬೇಕಾಗುವುದೂ ಇದಕ್ಕೇ. ಲೈಟು ಹೊತ್ತಿಸುವುದೇ ಗುರಿಯಾಗಿದ್ದರೆ ಯಾರಾದರೂ ದಾರಿಯನ್ನು ಚಿಕ್ಕದು ಮಾಡುತ್ತಿದ್ದರು, ಡಬ್ಬಿಯೊಳಗೆ ಹಾಕಿ ಮುಚ್ಚುತ್ತಿದ್ದರು. ಆಗ ನೋಡಲು ಏನೂ ಉಳಿಯುತ್ತಿರಲಿಲ್ಲ.

ಇನ್ನು ಕಣ್ಣಿನ ವಿಷಯ. ಬೆಲ್ಜಿಯಂನ ಆಲ್ಬರ್ಟ್ ಮಿಶೋಟ್ ಎಂಬ ಮನಶ್ಶಾಸ್ತ್ರಜ್ಞರು 1946ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಅವರ ಪ್ರಯೋಗ ಬಹಳ ಸರಳ. ಒಂದು ಚೌಕ ಸರಿಯುತ್ತ ಬಂದು ಇನ್ನೊಂದು ಚೌಕವನ್ನು ಮುಟ್ಟಿ ನಿಲ್ಲುತ್ತದೆ, ಆ ಕೂಡಲೇ ಎರಡನೆಯದು ಚಲಿಸುತ್ತದೆ. ನೋಡಿದವರಿಗೆ ಮೊದಲನೆಯದು ಎರಡನೆಯದನ್ನು ತಳ್ಳಿದ್ದು ಕಣ್ಣಾರೆ ಕಂಡಂತಾಗುತ್ತದೆ. ಅವು ಬರೀ ಆಕಾರಗಳು, ತಳ್ಳುವುದೇನೂ ನಡೆದಿರುವುದಿಲ್ಲ. ಮುಟ್ಟಿದ್ದಕ್ಕೂ ಚಲಿಸಿದ್ದಕ್ಕೂ ನಡುವೆ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ತಡವಾದರೆ ಈ ಭಾವನೆ ಸಡಿಲವಾಗುತ್ತದೆ, ಐದನೇ ಒಂದು ಭಾಗದ ಹೊತ್ತಿಗೆ ಬಹುಮಟ್ಟಿಗೆ ಹೋಗಿರುತ್ತದೆ. 1987ರಲ್ಲಿ ಲೆಸ್ಲಿ ಮತ್ತು ಕೀಬಲ್ ಎಂಬವರು ಆರು ತಿಂಗಳ ಕೂಸುಗಳ ಮೇಲೆ ಇಂಥದ್ದೇ ಪ್ರಯೋಗ ಮಾಡಿದಾಗ ಆ ಕೂಸುಗಳೂ ತಳ್ಳುವಿಕೆಯನ್ನು ಬೇರೆಯಾಗಿ ಗುರುತಿಸುವುದು ಕಂಡಿತು. ಇದು ಅದನ್ನು ಮಾಡಿತು ಎಂದು ಕಾಣುವ ಕಣ್ಣು ಮಾತು ಬರುವ ಮುಂಚೆಯೇ ನಮಗಿದೆ. ಚಮಚವನ್ನು ನೆಲಕ್ಕೆ ಹಾಕಿ, ನೀವು ಎತ್ತಿಕೊಟ್ಟರೆ ಮತ್ತೆ ಹಾಕುವ ಕೂಸು ಇದೇ ರುಚಿ ನೋಡುತ್ತಿರುತ್ತದೆ. ಸರಣಿ ಯಂತ್ರ ಈ ಕಣ್ಣಿಗೆ ಒಂದಾದಮೇಲೊಂದು ತುತ್ತು ಕೊಡುತ್ತ ಹೋಗುತ್ತದೆ. ಅಜ್ಜಿಯರು ಹೇಳುವ ಸರಪಳಿ ಕಥೆಗಳನ್ನು ಮಕ್ಕಳು ನೂರು ಸಲ ಕೇಳುವುದಕ್ಕೂ ಇದೇ ಕಾರಣ ಇರಬೇಕು ಎಂದು ನನ್ನ ಅನಿಸಿಕೆ.

ಒಳ್ಳೆಯ ಕಟ್ಟುಗಾರರು ತುತ್ತನ್ನು ಬೇಕೆಂದೇ ತಡಮಾಡುತ್ತಾರೆ. ಸ್ವಿಟ್ಜರ್ಲೆಂಡಿನ ಪೀಟರ್ ಫಿಶ್ಲಿ ಮತ್ತು ಡೇವಿಡ್ ವೈಸ್ ಎಂಬ ಕಲಾವಿದರು 1987ರಲ್ಲಿ ಸುಮಾರು ಅರ್ಧ ಗಂಟೆಯ ಒಂದು ಚಿತ್ರ ಮಾಡಿದರು. ಗೋದಾಮಿನೊಳಗೆ ಹಳೇ ಟೈರು, ಏಣಿ, ಬಕೆಟ್ಟು, ಕೆಟಲ್, ಪ್ಲಾಸ್ಟಿಕ್ ಬಾಟಲಿಗಳು ಒಂದನ್ನೊಂದು ಎಬ್ಬಿಸುತ್ತ ಹೋಗುತ್ತವೆ. ಮನುಷ್ಯರು ಕಾಣುವುದೇ ಇಲ್ಲ. ಅದರಲ್ಲಿ ಬೇಗ ನಡೆಯುವ ಭಾಗಗಳಿಗಿಂತ ನಿಧಾನದ ಭಾಗಗಳು ನನ್ನನ್ನು ಹಿಡಿದವು. ನೊರೆ ಉಕ್ಕಿ ಹರಡುವುದನ್ನು, ದ್ರವ ಬಟ್ಟಲು ತುಂಬುವುದನ್ನು, ಬೆಂಕಿ ತೆವಳುವುದನ್ನು ಕಾಯಬೇಕು. ಮುಟ್ಟಿತೇ, ಇಲ್ಲ, ಇನ್ನೂ ಒಂದು ಬೆರಳು ದೂರ. ದೀಪಾವಳಿಯಲ್ಲಿ ಸರಪಟಾಕಿಯ ಬತ್ತಿಗೆ ಕಿಡಿ ಹಚ್ಚಿ ಹಿಂದೆ ಓಡಿ ನಿಲ್ಲುತ್ತೇವಲ್ಲ, ಬತ್ತಿ ಚುರುಚುರು ಎಂದು ಸಣ್ಣಗಾಗಿ ಆರಿತೋ ಇಲ್ಲವೋ ತಿಳಿಯದ ಆ ಎರಡು ಸೆಕೆಂಡು, ಅದೇ ರುಚಿ. ಜಪಾನಿನ ಎನ್‌ಎಚ್‌ಕೆ ವಾಹಿನಿ 2002ರಿಂದ ಪ್ರಸಾರ ಮಾಡುತ್ತಿರುವ ಪಿತಾಗೊರಾ ಸುಯಿಚ್ಚಿ ಎಂಬ ಮಕ್ಕಳ ಕಾರ್ಯಕ್ರಮದ ಪುಟ್ಟ ಯಂತ್ರಗಳನ್ನೂ ಮಗಳಿಗೆ ತೋರಿಸಿ. ಅಲ್ಲಿ ಪೆನ್ಸಿಲ್, ಸ್ಕೇಲು, ಟೇಪಿನ ಉರುಳೆ, ಗೋಲಿ ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ಮನೆಯಲ್ಲಿ ಮಾಡುವವರಿಗೆ ಅದಕ್ಕಿಂತ ಒಳ್ಳೆಯ ಮಾದರಿ ನನಗೆ ಗೊತ್ತಿಲ್ಲ.

ಈಗ ಭೌತವಿಜ್ಞಾನ. ಮೊದಲ ಗೋಲಿಯ ಶಕ್ತಿಯೇ ಕೊನೆಯವರೆಗೂ ಹರಿದು ಹೋಗುತ್ತದೆ ಎಂದು ಬಹಳ ಜನ ಅಂದುಕೊಂಡಿರುತ್ತಾರೆ. ಹಾಗೆ ಹರಿದರೆ ಮೂರು ನಾಲ್ಕು ಹಂತದಲ್ಲಿ ಎಲ್ಲ ನಿಂತುಹೋಗುತ್ತದೆ. ಘರ್ಷಣೆ ತಿನ್ನುತ್ತದೆ, ಸದ್ದಿನಲ್ಲಿ ಹೋಗುತ್ತದೆ. ನಡೆಯುವುದು ಬೇರೆ. ಸಾಲಾಗಿ ನಿಲ್ಲಿಸಿ ಬೀಳಿಸುವ ಒಂದು ಡಾಮಿನೊ ಬಿಲ್ಲೆ ತೆಗೆದುಕೊಳ್ಳಿ: 48 ಮಿ.ಮೀ. ಎತ್ತರ, 7.5 ಮಿ.ಮೀ. ದಪ್ಪ. ನಿಂತಿರುವಾಗ ಅದರ ಗುರುತ್ವ ಕೇಂದ್ರ, ಅಂದರೆ ಅದರ ಭಾರವೆಲ್ಲ ಕೂಡಿದಂತಿರುವ ಬಿಂದು, ನೆಲದಿಂದ 24 ಮಿ.ಮೀ. ಮೇಲಿರುತ್ತದೆ. ಅದನ್ನು ಅಂಚಿನ ಮೇಲೆ ವಾಲಿಸಿ ಬೀಳುವ ಹದಕ್ಕೆ ತರಲು ಈ ಕೇಂದ್ರವನ್ನು ಎತ್ತಬೇಕಾದದ್ದು ಬರೀ 0.3 ಮಿ.ಮೀ. ಅಲ್ಲಿಂದ ಅದು ಚಪ್ಪಟೆಯಾಗಿ ಬಿದ್ದರೆ ಇಳಿಯುವುದು 20 ಮಿ.ಮೀ.ಗೂ ಹೆಚ್ಚು. ಕೊಟ್ಟದ್ದರ ಸುಮಾರು 70 ಪಟ್ಟು ಹೊರಬಂತು. ಆ ಶಕ್ತಿ ಹಿಂದಿನ ಬಿಲ್ಲೆ ಕೊಟ್ಟದ್ದಲ್ಲ. ಬಿಲ್ಲೆಯನ್ನು ನೆಟ್ಟಗೆ ನಿಲ್ಲಿಸಿದ ಬೆರಳುಗಳು ಮೊದಲೇ ಅದರಲ್ಲಿ ಇಟ್ಟಿದ್ದು. ಹಿಂದಿನ ಬಿಲ್ಲೆ ಮಾಡಿದ್ದು ಬಾಗಿಲು ತೆರೆಯುವ ಕೆಲಸ ಮಾತ್ರ. ಕೆನಡಾದ ಲಾರ್ನ್ ವೈಟ್‌ಹೆಡ್ 1983ರಲ್ಲಿ ತೋರಿಸಿಕೊಟ್ಟಂತೆ, ಒಂದು ಬಿಲ್ಲೆ ತನಗಿಂತ ಎಲ್ಲ ಅಳತೆಯಲ್ಲೂ ಒಂದೂವರೆ ಪಟ್ಟು ದೊಡ್ಡದನ್ನು ಕೆಡವಬಲ್ಲದು. ಒಂದು ಸೆಂಟಿಮೀಟರ್ ಎತ್ತರದ್ದರಿಂದ ಶುರುಮಾಡಿ ಹೀಗೇ ದೊಡ್ಡದು ಮಾಡುತ್ತ ಹೋದರೆ ಹದಿಮೂರನೆಯದು 1.3 ಮೀಟರ್ ಎತ್ತರ ಇರುತ್ತದೆ.

ಈ ಲೆಕ್ಕ ಗೊತ್ತಾದಮೇಲೆ ನಾನು ಈ ಯಂತ್ರಗಳನ್ನು ನೋಡುವ ಬಗೆಯೇ ಬದಲಾಯಿತು. ಸುತ್ತಿದ ರಬ್ಬರ್, ಮೇಲೆ ಕಟ್ಟಿದ ಕಲ್ಲು, ಬಗ್ಗಿಸಿ ಹಿಡಿದ ಸ್ಕೇಲು, ನೆಟ್ಟಗೆ ನಿಂತ ಪುಸ್ತಕ, ಎಲ್ಲದರಲ್ಲೂ ಯಾರೋ ಮೊಣಕಾಲೂರಿ ಕೂತು ಮಾಡಿದ ಕೆಲಸ ಕಾದು ಕೂತಿರುತ್ತದೆ. ಪಠ್ಯಪುಸ್ತಕದಲ್ಲಿ ಅದರ ಹೆಸರು ಪ್ರಚ್ಛನ್ನ ಶಕ್ತಿ. ಎರಡು ದಿನದ ದುಡಿಮೆ ಎರಡು ನಿಮಿಷದಲ್ಲಿ ಕಣ್ಣೆದುರು ಬಿಚ್ಚಿಕೊಳ್ಳುವುದನ್ನು ನಾವು ನೋಡುತ್ತೇವೆ. ಆ ಜನ ತೆರೆಯ ಮೇಲೆ ಕಾಣದಿದ್ದರೂ ಪ್ರತಿ ಹಂತದಲ್ಲೂ ಅವರ ಕೈ ಇದೆ. 2003ರ ಹೋಂಡಾ ಕಾರಿನ ಜಾಹೀರಾತೊಂದರಲ್ಲಿ ಟೈರುಗಳು ಇಳಿಜಾರನ್ನು ಹತ್ತಿ ಹೋಗುತ್ತವೆ. ಕಂಪ್ಯೂಟರಿನ ಚಮತ್ಕಾರ ಎಂದು ಜನ ನಂಬಿದ್ದರು. ನಿಜಕ್ಕೂ ಟೈರುಗಳ ಒಳಗೆ ಒಂದು ಕಡೆ ಬೋಲ್ಟು, ಸ್ಕ್ರೂಗಳ ಭಾರ ಕೂರಿಸಿದ್ದರು. ಆ ಭಾರ ಮೇಲಿರುವಂತೆ ನಿಲ್ಲಿಸಿ ಸ್ವಲ್ಪ ತಟ್ಟಿದರೆ ಭಾರ ಕೆಳಗಿಳಿಯುವ ರಭಸಕ್ಕೆ ಟೈರು ಮೇಲಕ್ಕೆ ಉರುಳುತ್ತದೆ. ಇಳಿಯುತ್ತಲೇ ಹತ್ತುವ ಟೈರು! ಹಳೇ ಟೇಪಿನ ಉರುಳೆಯ ಒಳಗೆ ಒಂದು ನಟ್ಟು ಅಂಟಿಸಿ ಮಗಳ ಕೈಗೆ ಕೊಡಿ, ಗುರುತ್ವ ಕೇಂದ್ರ ಎಂದರೇನು ಎಂದು ಆಮೇಲೆ ಹೇಳಿಕೊಡಬೇಕಾಗುವುದಿಲ್ಲ.

ಉಸಿರು ಬಿಗಿಹಿಡಿಸುವುದು ಇನ್ನೊಂದು ಲೆಕ್ಕ. ಒಂದೊಂದು ಹಂತವೂ ನೂರಕ್ಕೆ 98 ಸಲ ಸರಿಯಾಗಿ ನಡೆಯುತ್ತದೆ ಎನ್ನಿ. ಅಂಥ ಐವತ್ತು ಹಂತಗಳನ್ನು ಸಾಲಾಗಿ ಇಟ್ಟರೆ ಪೂರ್ತಿ ಯಂತ್ರ ಗೆಲ್ಲುವುದು ನೂರಕ್ಕೆ 36 ಸಲ ಮಾತ್ರ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಇಂಥ ಯಂತ್ರಗಳ ಸ್ಪರ್ಧೆ 1949ರಲ್ಲೇ ಶುರುವಾಗಿತ್ತು. ಅಲ್ಲಿನ ವಿದ್ಯಾರ್ಥಿಗಳು 2012ರಲ್ಲಿ ಒಂದು ಬಲೂನು ಊದಿ ಒಡೆಯಲು 300 ಹಂತಗಳ ಯಂತ್ರ ಕಟ್ಟಿದರು. ನೂರಕ್ಕೆ 99 ಸಲ ನಡೆಯುವ ಹಂತಗಳಿಂದ ಅದನ್ನು ಕಟ್ಟಿದ್ದರೆ ಇಪ್ಪತ್ತು ಪ್ರಯತ್ನಕ್ಕೆ ಒಂದು ಸಲ ಮುಗಿದೀತು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಬ್ಲೆಚ್ಲಿ ಪಾರ್ಕಿನಲ್ಲಿ ಜರ್ಮನರ ಗುಪ್ತಲಿಪಿ ಒಡೆಯಲು 1943ರಲ್ಲಿ ಕಟ್ಟಿದ ಯಂತ್ರಕ್ಕೆ ಅದರ ರೂಪ ನೋಡಿ ಹೀತ್ ರಾಬಿನ್ಸನ್ ಎಂದೇ ಹೆಸರಿಟ್ಟಿದ್ದರು. ಎರಡು ಕಾಗದದ ಪಟ್ಟಿಗಳು ವೇಗವಾಗಿ ಒಂದೇ ತಾಳದಲ್ಲಿ ಓಡಬೇಕಿತ್ತು. ಕಾಗದ ಹಿಗ್ಗಿ ತಾಳ ತಪ್ಪುತ್ತಿತ್ತು. ಅದರ ನಂತರ ಬಂದ ಕೊಲಾಸಸ್ ಒಂದು ಪಟ್ಟಿಯ ಕೆಲಸವನ್ನು ಎಲೆಕ್ಟ್ರಾನಿಕ್ ವಾಲ್ವುಗಳಿಗೆ ವಹಿಸಿ ತಾಳ ತಪ್ಪುವ ಆ ಜಾಗವನ್ನೇ ತೆಗೆದುಹಾಕಿತು. ಸೋಲುವುದು ಯಾವಾಗಲೂ ಒಂದು ಇನ್ನೊಂದನ್ನು ಸೇರುವ ಜಾಗದಲ್ಲಿ.

ನನ್ನ ಶಾಲೆಯ ಒಂದು ಅನುಭವ ಹೇಳುತ್ತೇನೆ. ಒಂಬತ್ತನೇ ತರಗತಿಯ ಹನ್ನೊಂದು ಮಕ್ಕಳು ಸೇರಿ 22 ಹಂತಗಳ ಯಂತ್ರ ಕಟ್ಟಿದ್ದರು. ಕೊನೆಯ ಕೆಲಸ ಒಂದು ತುಳಸಿ ಕುಂಡಕ್ಕೆ ಲೋಟ ನೀರು ಸುರಿಯುವುದು. ವಿಜ್ಞಾನ ಪ್ರದರ್ಶನದ ದಿನ ಹಾಲ್ ತುಂಬಿತ್ತು. ಅತಿಥಿಗಳಿಗೆ ಸೆಖೆಯಾದೀತೆಂದು ಯಾರೋ ಫ್ಯಾನ್ ಹಾಕಿದರು, ಇಸ್ಪೀಟ್ ಎಲೆಗಳ ಸಾಲು ಗಾಳಿಗೇ ಬಿದ್ದುಹೋಯಿತು. ಮಕ್ಕಳು ಮುಕ್ಕಾಲು ಗಂಟೆ ಕೂತು ಮತ್ತೆ ನಿಲ್ಲಿಸಿದರು. ಎರಡನೇ ಸಲ ಹದಿನೇಳನೇ ಹಂತದಲ್ಲಿ ಗೋಲಿ ನಿಂತಿತು, ಒಬ್ಬ ಹುಡುಗ ತಡೆಯಲಾರದೆ ಬೆರಳಿನಿಂದ ತಳ್ಳಿದ, ನೀರು ಸುರಿಯಿತು. ಚಪ್ಪಾಳೆ ಬಂತು, ಆದರೆ ಸಭ್ಯತೆಯ ಚಪ್ಪಾಳೆ. ಮಕ್ಕಳು ತಾವಾಗಿಯೇ ಇನ್ನೊಮ್ಮೆ ಎಂದರು. ಮೂರನೇ ಸಲ ಅದೇ ಹದಿನೇಳರಲ್ಲಿ ಗೋಲಿ ಅಂಚಿಗೆ ಬಂದು ಒಂದು ಕ್ಷಣ ಅನುಮಾನಿಸಿದಂತೆ ನಿಂತು ಆಮೇಲೆ ಉರುಳಿತು. ನೀರು ಕುಂಡಕ್ಕೆ ಬಿದ್ದಾಗ ಹಾಲ್‌ನಲ್ಲಿ ಎದ್ದ ಕೂಗು ಪಕ್ಕದ ಬೀದಿಗೆ ಕೇಳಿಸಿತ್ತು. ಸುರಿದದ್ದು ಅದೇ ಲೋಟ ನೀರು, ಅದೇ ಕುಂಡ. ಎರಡನೇ ಸಲಕ್ಕೂ ಮೂರನೇ ಸಲಕ್ಕೂ ಇದ್ದ ವ್ಯತ್ಯಾಸ ಒಂದು ಬೆರಳು.

ಕಲಿಯುವುದೇನು ಎಂದು ಕೇಳಿದ್ದೀರಿ. ಸನ್ನೆ, ರಾಟೆ, ಇಳಿಜಾರು ಎಲ್ಲ ಬರುತ್ತವೆ, ನಿಜ. ನಾನು ಮಕ್ಕಳಲ್ಲಿ ಕಂಡ ದೊಡ್ಡ ಬದಲಾವಣೆ ಬೇರೆ. ಮೊದಲ ದಿನ ಕೆಟ್ಟಾಗ, ಸಾರ್, ಇದು ಆಗೋದೇ ಇಲ್ಲ ಎನ್ನುತ್ತಿದ್ದವರು ನಾಲ್ಕನೇ ದಿನ, ಸಾರ್, ಹನ್ನೆರಡರಿಂದ ಹದಿಮೂರಕ್ಕೆ ನೂಲು ಸಡಿಲ ಇದೆ ಎನ್ನುತ್ತಿದ್ದರು. ತಪ್ಪಿಗೆ ಒಂದು ಜಾಗ ಇದೆ, ಅದನ್ನು ಬೆರಳಿಟ್ಟು ತೋರಿಸಬಹುದು ಎಂಬುದು ಅವರ ಕೈಗೆ ಬಂದಿತ್ತು. ಅದನ್ನು ಕರಿಹಲಗೆಯ ಮೇಲೆ ಕಲಿಸಲು ನನಗೆ ಆಗಿರಲಿಲ್ಲ.

ಆದ್ದರಿಂದ ಮಗಳು ಯಂತ್ರ ಮಾಡಲು ಖಂಡಿತ ಬಿಡಿ. ಕೆಲವು ಮಾತು ಮಾತ್ರ ಹೇಳಿಕೊಡಿ. ಕೊನೆಯ ಹಂತದಿಂದ ಹಿಂದಕ್ಕೆ ಕಟ್ಟುತ್ತ ಬರಲಿ, ಆಗ ಪ್ರತಿ ಸಲವೂ ಮುಂದಿನ ದಾರಿ ತೆರೆದಿರುತ್ತದೆ. ಮೊದಲ ಯಂತ್ರಕ್ಕೆ ಆರು ಹಂತ ಸಾಕು. ಪ್ರತಿ ಎರಡು ಹಂತದ ಜೋಡಿಯನ್ನು ಬೇರೆಯಾಗಿ ಹತ್ತು ಸಲ ಓಡಿಸಿ ನೋಡಲಿ, ಹತ್ತಕ್ಕೆ ಎಂಟು ಬಂದರೆ ಬದಲಾಯಿಸಲಿ. ಅಮೆರಿಕದ ಓಕೆ ಗೋ ಎಂಬ ಸಂಗೀತ ತಂಡದ 2010ರ ವಿಡಿಯೊಗಾಗಿ ದೊಡ್ಡ ಯಂತ್ರ ಕಟ್ಟಿದ ಎಂಜಿನಿಯರುಗಳು, ಕೈಕೊಡುವ ಸಣ್ಣ ಸಾಮಾನುಗಳನ್ನೆಲ್ಲ ಶುರುವಿನಲ್ಲೇ ಇಟ್ಟು, ನಂಬಿಕೆಯ ದೊಡ್ಡ ಸಾಮಾನುಗಳನ್ನು ಕೊನೆಗೆ ಇಟ್ಟರು. ಶುರುವಿನಲ್ಲೇ ಕೆಟ್ಟರೆ ಮತ್ತೆ ಜೋಡಿಸುವುದು ಸ್ವಲ್ಪವೇ ಇರುತ್ತದೆ. ಡಾಮಿನೊ ಸಾಲಿನ ನಡುವೆ ಅಲ್ಲಲ್ಲಿ ಒಂದೆರಡು ಬಿಲ್ಲೆ ತೆಗೆದಿಟ್ಟಿರಲಿ, ಅವನ್ನು ಎಲ್ಲ ಮುಗಿದಮೇಲೆ ನಿಲ್ಲಿಸಲಿ, ಕೈ ತಗುಲಿ ಒಂದು ಬಿದ್ದರೆ ಸಾಲು ಪೂರ್ತಿ ಹೋಗದೆ ಉಳಿಯುತ್ತದೆ. ಮೇಣದಬತ್ತಿ ಬಳಸುವುದಾದರೆ ಪಕ್ಕದಲ್ಲಿ ನೀವಿರಿ, ನೀರಿನ ತಂಬಿಗೆಯೂ ಇರಲಿ. ಫ್ಯಾನ್ ಆರಿಸಿ. ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ತೆಗೆಯುವ ಕೆಲಸ ನೀವೇ ವಹಿಸಿಕೊಳ್ಳಿ. ಯಂತ್ರ ನಿಂತುಹೋದ ಜಾಗದಲ್ಲಿ ನಿಜಕ್ಕೂ ಏನಾಯಿತು ಎಂದು ಅಮ್ಮ ಮಗಳು ಇಬ್ಬರೂ ಮತ್ತೆ ಮತ್ತೆ ನೋಡಬೇಕಾಗುತ್ತದೆ.